ತೋಟದ ಅಂಚಿಗೆ ಗೊಬ್ಬರದ ಗಿಡ: ಬೆಳೆಸುವ ಕ್ರಮ ಮತ್ತು ಹತೋಟಿಯಲ್ಲಿಡುವ ಕ್ರಮ

ಭೂಮಿಯ ಫಲವತ್ತತೆಯನ್ನು ಕಾಪಾಡುವಲ್ಲಿ ಸಾವಯವ ಪದಾರ್ಥದ ಪಾತ್ರ ಬಹು ಮುಖ್ಯವಾದುದು. ಇದನ್ನು ಅರಿಯದ ರೈತರಿಲ್ಲ. ಆದರೆ ಅರಿತಿದ್ದರೂ ಹೊಲಕ್ಕೆ ಬೇಕಾದಷ್ಟು ಕೊಟ್ಟಿಗೆ ಗೊಬ್ಬರ ಇಂದು ಸಿಗುತ್ತಿಲ್ಲ. ಎತ್ತುಗಳ ಕೆಲಸವನ್ನು ಟ್ರ್ಯಾಕ್ಟರ್ ಮತ್ತು ಟಿಲ್ಲರ್‌ಗಳು ವಹಿಸಿಕೊಂಡ ಮೇಲೆ ಅನೇಕ ಮನೆಗಳಲ್ಲಿ ದನಗಳ ಸಂಖ್ಯೆ ಇಳಿದಿದೆ. ತಿಪ್ಪೆಯೂ ಅದೇ ಪ್ರಮಾಣದಲ್ಲಿ ಚಿಕ್ಕದಾಗಿದೆ. ಇಂತಹ ಪರಿಸ್ಥಿತಿಯಲ್ಲಿ ಹೊಲದ ಬದು ಮತ್ತು ತೋಟದ ಬೇಲಿಯ ಮೇಲೆಯೇ ಗೊಬ್ಬರವನ್ನು ಬೆಳೆದುಕೊಳ್ಳುವುದು ಜಾಣತನ. ಇದಕ್ಕೆ ಒಗ್ಗುವ ಗಿಡಗಳಲ್ಲಿ ಗ್ಲಿರಿಸಿಡಿಯಾ ಮುಖ್ಯವಾದುದು. ನಮ್ಮ ರೈತರು ಇದನ್ನು ‘ಗೊಬ್ಬರದ ಗಿಡ’ ಎಂದೇ ಕರೆಯುತ್ತಾರೆ.

ಆದರೆ ಈ ಗಿಡವನ್ನು ನೆಟ್ಟವರೆಲ್ಲರೂ ಇದರ ಲಾಭ ಪಡೆದಿಲ್ಲ. ನೆಟ್ಟ ಎರಡು ವರ್ಷ ಸಡಗರದಿಂದ ನೋಡಿಕೊಂಡು ಆಮೇಲೆ ಮರೆತುಬಿಡುವುದುಂಟು. ಹಾಗೆ ಬಿಟ್ಟ ಗಿಡ ನಾಲ್ಕೈದು ವರ್ಷಗಳಲ್ಲಿ ಮರವಾಗುತ್ತದೆ. ಬದುವಿನ ಪಕ್ಕದ ಸಾಲುಗಳು ನೆರಳಿಗೆ ಸೊರಗುತ್ತವೆ, ಪಕ್ಕದ ಹೊಲದವರು ಆಕ್ಷೇಪಿಸುತ್ತಾರೆ, ಕೊನೆಗೆ ರೈತ ಬೇಸತ್ತು ಎಲ್ಲವನ್ನೂ ಬುಡಸಮೇತ ಕಡಿದು ಹಾಕುತ್ತಾನೆ. ತಪ್ಪು ಗಿಡದ್ದಲ್ಲ. ಸಕಾಲದಲ್ಲಿ ಸವರಿದರೆ ಇದು ಗೊಬ್ಬರದ ಗಿಡ, ಸವರದೆ ಬಿಟ್ಟರೆ ಬೆಳೆಗೆ ಪೈಪೋಟಿ ನೀಡುವ ಮರ. ಆದ್ದರಿಂದ ನೆಡುವ ಕ್ರಮದಷ್ಟೇ ಸವರುವ ಕ್ರಮವನ್ನೂ ತಿಳಿದು ಈ ಗಿಡವನ್ನು ಬೆಳೆಸಬೇಕು.

ಸಸ್ಯ ಪರಿಚಯ

ಗ್ಲಿರಿಸಿಡಿಯಾದ ಮೂಲ ಸ್ಥಾನ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಲ್ಲಿ ಇದನ್ನು ಕೋಕೋ ತೋಟಗಳಲ್ಲಿ ನೆರಳಿಗಾಗಿ ಬೆಳೆಸುತ್ತಿದ್ದುದರಿಂದ ‘ಕೋಕೋವಿನ ತಾಯಿ’ ಎಂಬ ಅರ್ಥದ ಹೆಸರು ಬಂದಿದೆ. ಸ್ಪೇನ್ ದೇಶದವರ ಮೂಲಕ ಇದು ಫಿಲಿಪೈನ್ಸ್ ದ್ವೀಪಗಳನ್ನು ಸೇರಿತು. ಶ್ರೀಲಂಕಾದ ಚಹಾ ತೋಟಗಳಲ್ಲಿ ನೆರಳಿಗೂ ಹಸಿರೆಲೆ ಗೊಬ್ಬರಕ್ಕೂ ಬಳಕೆಯಾಯಿತು. ಗ್ಲಿರಿಸಿಡಿಯಾ ಎಂಬ ಲ್ಯಾಟಿನ್ ಹೆಸರಿಗೆ ‘ಇಲಿಯನ್ನು ಕೊಲ್ಲುವುದು’ ಎಂಬ ಅರ್ಥವಿದೆ. ಈ ಹೆಸರಿಗೆ ಕಾರಣವಾದ ಗುಣವನ್ನು ಮೇವಿನ ವಿಷಯ ಬಂದಾಗ ನೋಡಬಹುದು.

ಇದು ದ್ವಿದಳ ಜಾತಿಗೆ ಸೇರಿದ ಗಿಡ. ಬೇರುಗಂಟುಗಳಲ್ಲಿರುವ ರೈಜೋಬಿಯಂ ಎಂಬ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಎಲೆಗಳು ಮೃದುವಾಗಿದ್ದು ಮಣ್ಣಿನಲ್ಲಿ ಬೇಗ ಕೊಳೆಯುತ್ತವೆ. ಚಳಿಗಾಲದ ಕೊನೆಯಲ್ಲಿ ಎಲೆ ಉದುರಿ, ಜನವರಿಯಿಂದ ಮಾರ್ಚ್‌ವರೆಗೆ ಬರಿಯ ರೆಂಬೆಗಳ ತುಂಬ ತಿಳಿ ಗುಲಾಬಿ ಹೂಗಳು ಕಾಣುತ್ತವೆ. ಬೇಸಿಗೆಯಲ್ಲಿ ಚಪ್ಪಟೆಯಾದ ಕಾಯಿಗಳು ಬಲಿತು, ಒಣಗಿ, ಸಿಡಿಯುತ್ತವೆ.

ಮಣ್ಣು ಮತ್ತು ಹವಾಗುಣ

ಕೆಂಪು ಗೋಡು, ಜಂಬಿಟ್ಟಿಗೆ, ಗರಸು ಭೂಮಿಗಳಲ್ಲಿಯೂ ಇದು ಬೆಳೆಯುತ್ತದೆ. ನೀರು ನಿಲ್ಲುವ ಜಾಗ ಮಾತ್ರ ಆಗದು. ಮಲೆನಾಡಿನ ಹೆಚ್ಚು ಮಳೆಗೂ ಒಗ್ಗುತ್ತದೆ, ಬಯಲುಸೀಮೆಯ ಕಡಿಮೆ ಮಳೆಗೂ ತಡೆಯುತ್ತದೆ. ಆದರೆ ಮಳೆ ಕಡಿಮೆಯಾದಂತೆ ಸೊಪ್ಪಿನ ಇಳುವರಿಯೂ ಕಡಿಮೆಯಾಗುತ್ತದೆ ಎಂಬುದನ್ನು ಮರೆಯಬಾರದು. ಹಸಿ ಸೊಪ್ಪನ್ನು ದನಕರುಗಳು ಸಾಮಾನ್ಯವಾಗಿ ತಾವಾಗಿ ಮೇಯುವುದಿಲ್ಲ. ಅಡ್ಡಾಡುವ ದನಗಳ ಕಾಟವಿರುವ ಕಡೆ ಬೇಲಿಗೆ ಇದು ಹೊಂದಿಕೆಯಾಗಲು ಇದೇ ಕಾರಣ.

ಬೀಜದಿಂದಲೋ, ಗೂಟದಿಂದಲೋ?

ಗೊಬ್ಬರದ ಗಿಡವನ್ನು ಬೀಜದಿಂದಲೂ ಬಲಿತ ಕಾಂಡದ ತುಂಡುಗಳಿಂದಲೂ ಬೆಳೆಸಬಹುದು. ಇವೆರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬುದು ನೆಡುವ ಜಾಗದ ಮೇಲೆ ಅವಲಂಬಿಸಿದೆ.

ಗೂಟದಿಂದ ಬೆಳೆದ ಗಿಡ ಬೇಗ ಚಿಗುರಿ ಬೇಗ ಬೇಲಿಯಾಗುತ್ತದೆ. ಆದರೆ ಇದಕ್ಕೆ ತಾಯಿಬೇರು ಇರುವುದಿಲ್ಲ. ಬೇರುಗಳು ಮೇಲ್ಮಣ್ಣಿನಲ್ಲಿಯೇ ಪಕ್ಕಕ್ಕೆ ಹರಡಿ ಬೆಳೆಯ ನೀರು ಮತ್ತು ಗೊಬ್ಬರದಲ್ಲಿ ಪಾಲು ಕೇಳುತ್ತವೆ. ಬರ ಬಂದಾಗ ಮೊದಲು ಬಾಡುವುದೂ ಇಂತಹ ಗಿಡವೇ. ಬೀಜದಿಂದ ಬಂದ ಸಸಿ ಮೊದಲ ವರ್ಷ ನಿಧಾನವಾದರೂ ಬೇರನ್ನು ಆಳಕ್ಕೆ ಇಳಿಸುತ್ತದೆ. ಆದ್ದರಿಂದ ರಾಗಿ, ಜೋಳ, ಅವರೆ ಬೆಳೆಯುವ ಹೊಲದ ಬದುವಿಗೆ ಸಸಿಯೇ ಉತ್ತಮ. ಕಾಲುದಾರಿಯ ಪಕ್ಕದ ಬೇಲಿಗೆ ಅಥವಾ ಬೆಳೆಯಿಂದ ದೂರವಿರುವ ತೋಟದ ಅಂಚಿಗೆ ಗೂಟವಾದರೂ ಅಡ್ಡಿಯಿಲ್ಲ.

ಸಸಿ ಬೆಳೆಸುವುದು: ಕಾಯಿಗಳು ಹಸಿರು ಬಣ್ಣ ಬಿಟ್ಟು ಕಂದು ಬಣ್ಣಕ್ಕೆ ತಿರುಗುತ್ತಿರುವಾಗಲೇ ಕಿತ್ತು ತರಬೇಕು. ಗಿಡದ ಮೇಲೆಯೇ ಒಣಗಲು ಬಿಟ್ಟರೆ ಸಿಡಿದು ಬೀಜ ದೂರ ಹಾರುತ್ತದೆ. ತಂದ ಕಾಯಿಗಳನ್ನು ಕಣದಲ್ಲಿ ಹರಡಿ, ಮೇಲೆ ತೆಳುವಾದ ಬಟ್ಟೆ ಅಥವಾ ಬಲೆ ಹೊದಿಸಿ ಬಿಸಿಲಿಗೆ ಒಣಗಿಸಬೇಕು. ಬೀಜಕ್ಕೆ ಬಿಸಿನೀರಿನ ಉಪಚಾರ ಬೇಕಿಲ್ಲ. ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿದರೆ ಸಾಕು. ಮಣ್ಣು, ಮರಳು ಮತ್ತು ಕೊಟ್ಟಿಗೆ ಗೊಬ್ಬರದ ಮಿಶ್ರಣ ತುಂಬಿದ ಪಾಲಿಥಿನ್ ಚೀಲಕ್ಕೆ ಎರಡರಂತೆ ಬೀಜ ಊರಬೇಕು. ಒಂದರಿಂದ ಎರಡು ವಾರದೊಳಗೆ ಮೊಳಕೆ ಬರುತ್ತದೆ. ಪುಷ್ಟವಾದ ಒಂದನ್ನು ಉಳಿಸಿ ಇನ್ನೊಂದನ್ನು ತೆಗೆಯಬೇಕು. ಏಪ್ರಿಲ್ ತಿಂಗಳಲ್ಲಿ ಬೀಜ ಹಾಕಿದರೆ ಜುಲೈ ವೇಳೆಗೆ ಸಸಿ ನಾಟಿಗೆ ಸಿದ್ಧವಾಗುತ್ತದೆ.

ಗೂಟ ನೆಡುವುದು: ಎಳೆಯ ಹಸಿರು ರೆಂಬೆ ಕೊಳೆಯುತ್ತದೆ. ಆರು ತಿಂಗಳಿಗೂ ಹೆಚ್ಚು ಬಲಿತ, ಹೆಬ್ಬೆರಳಿಗಿಂತ ದಪ್ಪನಾದ, ಸುಮಾರು 1 ಮೀಟರ್ ಉದ್ದದ ತುಂಡುಗಳನ್ನು ಆರಿಸಬೇಕು. ಬುಡದ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಯಾವ ಭಾಗ ಕೆಳಗೆ ಬರಬೇಕೆಂಬ ಗೊಂದಲವಿರುವುದಿಲ್ಲ. ಗೂಟವನ್ನು ಸುತ್ತಿಗೆಯಿಂದ ಬಡಿದು ಇಳಿಸಬಾರದು, ಇಳಿಸಿದರೆ ತೊಗಟೆ ಸೀಳುತ್ತದೆ. ಹಾರೆಯಿಂದ 30 ಸೆಂ.ಮೀ. ಆಳದ ಕುಳಿ ಮಾಡಿ, ಗೂಟ ಇಟ್ಟು, ಸುತ್ತಲೂ ಮಣ್ಣನ್ನು ಗಟ್ಟಿಯಾಗಿ ತುಳಿಯಬೇಕು. ಮುಂಗಾರಿನ ಮೊದಲ ಮಳೆಗಳು ಇದಕ್ಕೆ ತಕ್ಕ ಕಾಲ.

ನಾಟಿಯ ಅಂತರ

ಬದುವಿನ ಮೇಲೆ ಗಿಡದಿಂದ ಗಿಡಕ್ಕೆ 1 ಮೀಟರ್ ಅಂತರ ಸಾಕು. ಬೇಲಿಯಾಗಬೇಕಾದ ಕಡೆ ಅರ್ಧ ಮೀಟರಿಗೆ ಒಂದರಂತೆ ನೆಡಬಹುದು. ಬೆಳೆಯ ಮೊದಲ ಸಾಲು ಗಿಡದ ಸಾಲಿನಿಂದ ಕನಿಷ್ಠ 3 ಅಡಿ ದೂರವಿರಲಿ. ಮೊದಲ ವರ್ಷ ಬುಡದ ಕಳೆ ತೆಗೆದು, ಸತ್ತ ಸಸಿಗಳ ಜಾಗಕ್ಕೆ ಬೇರೆ ಸಸಿ ನೆಡಬೇಕು.

ಬದು ಇಬ್ಬರು ಹಿಡುವಳಿದಾರರ ನಡುವಿನದಾದರೆ ನೆಡುವ ಮೊದಲೇ ಪಕ್ಕದವರೊಂದಿಗೆ ಮಾತನಾಡಿ ಒಪ್ಪಿಗೆ ಪಡೆಯುವುದು ಕ್ಷೇಮ. ಬೆಳಗಿನ ಮತ್ತು ಸಂಜೆಯ ನೆರಳು ಎರಡೂ ಹೊಲಗಳ ಮೇಲೆ ಬೀಳುತ್ತದೆ. ಯಾರು ಸವರಬೇಕು, ಸೊಪ್ಪು ಯಾರಿಗೆ ಎಂಬುದನ್ನು ಆಗಲೇ ತೀರ್ಮಾನಿಸಿಕೊಂಡರೆ ಮುಂದಿನ ಮನಸ್ತಾಪ ತಪ್ಪುತ್ತದೆ.

ಸವರುವ ಕ್ರಮ

ನೆಟ್ಟ ಒಂದು ವರ್ಷದವರೆಗೆ ಗಿಡವನ್ನು ಮುಟ್ಟಬಾರದು. ಬೇರು ಬಲಿಯುವ ಮೊದಲೇ ಸೊಪ್ಪಿಗೆ ಆಸೆಪಟ್ಟರೆ ಗಿಡ ಮುಂದೆಂದೂ ಚೇತರಿಸಿಕೊಳ್ಳದು. ವರ್ಷ ತುಂಬಿದ ಮೇಲೆ ಕಾಂಡವನ್ನು ನೆಲದಿಂದ 75 ಸೆಂ.ಮೀ. ನಿಂದ 1 ಮೀಟರ್ ಎತ್ತರದಲ್ಲಿ, ಎಂದರೆ ಸುಮಾರು ಸೊಂಟದ ಮಟ್ಟಕ್ಕೆ, ಹರಿತವಾದ ಮಚ್ಚಿನಿಂದ ಒಂದೇ ಏಟಿಗೆ ಓರೆಯಾಗಿ ಕತ್ತರಿಸಬೇಕು. ಮೊಂಡು ಮಚ್ಚಿನಿಂದ ಜಜ್ಜಿದರೆ ತೊಗಟೆ ಸುಲಿದು ಕಾಂಡ ಒಣಗುತ್ತದೆ. ತದನಂತರ ಪ್ರತಿ ಸಲವೂ ಅದೇ ಮಟ್ಟಕ್ಕೆ ಸವರಬೇಕು. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಮೇಲಕ್ಕೆ ಕತ್ತರಿಸುತ್ತ ಹೋಗುವುದರಿಂದಲೇ ಗಿಡ ಕೈಗೆಟುಕದ ಮರವಾಗುವುದು.

ಮಳೆಯಾಶ್ರಯದ ರಾಗಿ ಬೆಳೆಯುವ ದಕ್ಷಿಣದ ಜಿಲ್ಲೆಗಳಲ್ಲಿ ವರ್ಷಕ್ಕೆ ಮೂರು ಸಲ ಸವರುವುದು ಅನುಕೂಲ.

ಮೊದಲನೆಯದು ಜುಲೈ ಮೊದಲ ವಾರ. ಪುನರ್ವಸು ಮಳೆ ಹಿಡಿಯುವ ವೇಳೆಗೆ ಸೊಪ್ಪನ್ನು ಹೊಲಕ್ಕೆ ಹರಡಿ ಉಳುಮೆ ಮಾಡಿದರೆ, ಪುಷ್ಯ ಮಳೆಯ ಬಿತ್ತನೆಯ ಹೊತ್ತಿಗೆ ಅದು ಕೊಳೆತಿರುತ್ತದೆ.

ಎರಡನೆಯದು ಸೆಪ್ಟೆಂಬರ್ ಮೂರನೆಯ ವಾರ. ರಾಗಿ ತೆನೆಗೆ ಬರುವ ಕಾಲದಲ್ಲಿ ಬದುವಿನ ನೆರಳು ತಪ್ಪಿಸಲು ಈ ಸವರುವಿಕೆ ಅತ್ಯವಶ್ಯಕ. ಸೊಪ್ಪು ಬೇಕಿಲ್ಲದಿದ್ದರೂ ಇದನ್ನು ಬಿಡಬಾರದು.

ಮೂರನೆಯದು ಡಿಸೆಂಬರ್ ಮೊದಲ ವಾರ. ಎಲೆ ತಾನಾಗಿ ಉದುರಿ ಗಾಳಿಯ ಪಾಲಾಗುವ ಮೊದಲು ಸೊಪ್ಪು ಕೈಗೆ ಬರುತ್ತದೆ. ಹೂವು, ಕಾಯಿಗಳೂ ಬಹುಮಟ್ಟಿಗೆ ತಪ್ಪುತ್ತವೆ. ಬೀಜಕ್ಕಾಗಿ ಒಂದೆರಡು ಗಿಡಗಳನ್ನು ಮಾತ್ರ ಸವರದೆ ಬಿಡಬಹುದು.

ಸೊಪ್ಪಿನ ಲೆಕ್ಕ

ಗೊಬ್ಬರದ ಗಿಡ ನೆಟ್ಟರೆ ಅಂಗಡಿಯ ಗೊಬ್ಬರವೇ ಬೇಡವೆಂದು ಹೇಳುವವರಿದ್ದಾರೆ. ಇದು ಎಷ್ಟರ ಮಟ್ಟಿಗೆ ನಿಜವೆಂದು ರೈತರು ತಾವೇ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಚೌಕಾಕಾರದ ಒಂದು ಎಕರೆ ಹೊಲದ ಸುತ್ತಳತೆ ಸುಮಾರು 250 ಮೀಟರ್. ದಾರಿ ಬಿಟ್ಟು ಮೀಟರಿಗೊಂದರಂತೆ ನೆಟ್ಟರೆ 240 ಗಿಡಗಳಾಗುತ್ತವೆ. ಚೆನ್ನಾಗಿ ಬೆಳೆದ ಗಿಡ ವರ್ಷಕ್ಕೆ 5ರಿಂದ 10 ಕಿ.ಗ್ರಾಂ ಹಸಿ ಸೊಪ್ಪು ಕೊಡಬಲ್ಲದು. ಮಳೆಯಾಶ್ರಯದಲ್ಲಿ 5 ಕಿ.ಗ್ರಾಂ ಎಂದೇ ಹಿಡಿಯುವುದು ಕ್ಷೇಮ. ಅಲ್ಲಿಗೆ ವರ್ಷದ ಸೊಪ್ಪು 1,200 ಕಿ.ಗ್ರಾಂ. ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ ಇರುತ್ತದೆ. ಒಣ ಎಲೆಯಲ್ಲಿ ಸಾರಜನಕ ಸುಮಾರು ಶೇಕಡ 2.5ರಿಂದ 3. ಈ ಪ್ರಕಾರ 1,000 ಕಿ.ಗ್ರಾಂ ಹಸಿ ಸೊಪ್ಪಿನಿಂದ ಸುಮಾರು 6 ಕಿ.ಗ್ರಾಂ ಸಾರಜನಕ ದೊರೆಯುತ್ತದೆ. ವರ್ಷದ ಒಟ್ಟು ಸೊಪ್ಪಿನಲ್ಲಿರುವುದು ಸುಮಾರು 7 ಕಿ.ಗ್ರಾಂ, ಎಂದರೆ ಸುಮಾರು 15 ಕಿ.ಗ್ರಾಂ ಯೂರಿಯಾದಲ್ಲಿರುವಷ್ಟು.

ಮಳೆಯಾಶ್ರಿತ ರಾಗಿಗೆ ಎಕರೆಗೆ ಸುಮಾರು 20 ಕಿ.ಗ್ರಾಂ ಸಾರಜನಕ ಬೇಕು. ಬಿತ್ತನೆಗೆ ಮುಂಚಿನ ಒಂದು ಸವರುವಿಕೆಯಿಂದ 500 ಕಿ.ಗ್ರಾಂ ಸೊಪ್ಪು ಬಂದರೆ ಅದರಲ್ಲಿರುವುದು 3 ಕಿ.ಗ್ರಾಂ ಮಾತ್ರ. ರಂಜಕವಂತೂ ಸೊಪ್ಪಿನಲ್ಲಿ ಅತ್ಯಲ್ಪ. ಆದ್ದರಿಂದ ಬದುವಿನ ಒಂದು ಸಾಲು ಗಿಡವನ್ನು ನಂಬಿ ರಾಗಿಗೆ ಕೊಡುವ ರಸಗೊಬ್ಬರವನ್ನು ಪೂರ್ತಿ ನಿಲ್ಲಿಸುವುದು ಸರಿಯಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಸೊಪ್ಪಿನ ಪಾಲನ್ನು ಕಳೆದು, ಉಳಿದುದನ್ನು ಒದಗಿಸಬೇಕು.

ಹಾಗಾದರೆ ಲಾಭವೇನು? ಯೂರಿಯಾದಲ್ಲಿ ಸಾರಜನಕ ಬಿಟ್ಟು ಬೇರೇನೂ ಇಲ್ಲ. ಸೊಪ್ಪಿನ ಜೊತೆಗೆ ಸಾವಯವ ಪದಾರ್ಥವೂ ಪೊಟ್ಯಾಷ್ ಮತ್ತು ಲಘು ಪೋಷಕಾಂಶಗಳೂ ಮಣ್ಣಿಗೆ ಸೇರುತ್ತವೆ. ಮಣ್ಣು ಸಡಿಲವಾಗಿ ತೇವ ಹಿಡಿಯುವ ಶಕ್ತಿ ಹೆಚ್ಚುತ್ತದೆ. ಇದು ಒಂದು ವರ್ಷದಲ್ಲಿ ಕಾಣುವ ಫಲವಲ್ಲ, ಎಡೆಬಿಡದೆ ಮಾಡಿದರೆ ವರ್ಷದಿಂದ ವರ್ಷಕ್ಕೆ ಹೆಚ್ಚುವ ಫಲ. ಇದಲ್ಲದೆ ಬದುವಿನ ಮಣ್ಣು ಕೊಚ್ಚಿಹೋಗದೆ ನಿಲ್ಲುತ್ತದೆ, ಒಲೆಗೆ ಪುಳ್ಳೆ ಸಿಗುತ್ತದೆ.

ತೆಂಗು, ಅಡಿಕೆ ತೋಟಗಳಲ್ಲಿ

ತೋಟದಲ್ಲಿ ಸೊಪ್ಪಿನ ಉಪಯೋಗ ಇನ್ನೂ ಹೆಚ್ಚು. ಫಲ ಬಿಡುವ ತೆಂಗಿನ ಮರವೊಂದಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಶಿಫಾರಸಿನಲ್ಲಿದೆ. ಐದು ಗಿಡಗಳ ಸೊಪ್ಪನ್ನು, ಎಂದರೆ 25 ಕಿ.ಗ್ರಾಂ, ಒಂದು ಮರದ ಪಾತಿಗೆ ಹಾಕಿದರೆ ಸುಮಾರು 150 ಗ್ರಾಂ ಸಾರಜನಕ ಒದಗುತ್ತದೆ. ಇದು ಬೇಕಾದ ಸಾರಜನಕದ ಮೂರನೆಯ ಒಂದು ಪಾಲಿಗೆ ಹತ್ತಿರ. ಪೊಟ್ಯಾಷ್ ಮಾತ್ರ ಹತ್ತನೆಯ ಒಂದು ಪಾಲೂ ದೊರೆಯದಿರಬಹುದು. ತೆಂಗಿಗೆ ಪೊಟ್ಯಾಷ್ ಅಗತ್ಯ ಹೆಚ್ಚಾದ್ದರಿಂದ ಅದನ್ನು ಬೇರೆಯಾಗಿ ಕೊಡಲೇಬೇಕು.

ಸೆಪ್ಟೆಂಬರ್ ಸೊಪ್ಪನ್ನು ಪಾತಿಗೆ ಹಾಕಿ ಮಣ್ಣು ಮುಚ್ಚಬೇಕು. ಡಿಸೆಂಬರ್ ಸೊಪ್ಪನ್ನು ಪಾತಿಯ ಮೇಲೆ ಹೊದಿಕೆಯಾಗಿ ಹರಡಬಹುದು. ಆದರೆ ಈ ಎಲೆ ಬೇಗ ಕರಗುವುದರಿಂದ ಹೊದಿಕೆ ಬಹುಕಾಲ ನಿಲ್ಲುವುದಿಲ್ಲ. ಮೇಲೆ ಒಣ ಗರಿ, ಸೋಗೆ ಅಥವಾ ತೆಂಗಿನ ಸಿಪ್ಪೆ ಹೊದಿಸಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ. ಮಲೆನಾಡಿನಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ಸೊಪ್ಪು ತರುವ ರೂಢಿಯಿದೆ. ತೋಟದ ಅಂಚಿನಲ್ಲಿಯೇ ಈ ಗಿಡ ಬೆಳೆಸಿಕೊಂಡರೆ ಹೊತ್ತು ತರುವ ಕೂಲಿಯೂ ಉಳಿಯುತ್ತದೆ, ಬೆಟ್ಟದ ಮರಗಳಿಗೂ ಬಿಡುವು ಸಿಗುತ್ತದೆ.

ಬಳಸುವಾಗ ಗಮನಿಸಬೇಕಾದುದು

ಎಲೆ ಮತ್ತು ಎಳೆಯ ತುದಿಗಳನ್ನು ಮಾತ್ರ ಮಣ್ಣಿಗೆ ಸೇರಿಸಬೇಕು. ಬೆರಳುಗಾತ್ರದ ಬಲಿತ ಕಡ್ಡಿಗಳನ್ನು ಬೇರ್ಪಡಿಸಿ ಸೌದೆಗೆ ಇಡಬೇಕು. ಕಡ್ಡಿಯನ್ನು ಕೊಳೆಸುವ ಸೂಕ್ಷ್ಮಾಣುಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಳ್ಳುವುದರಿಂದ ಎಳೆಯ ಬೆಳೆ ಹಳದಿಯಾಗುತ್ತದೆ. ಗದ್ದೆಯಲ್ಲಾದರೆ ನಾಟಿಗೆ 10ರಿಂದ 15 ದಿನ ಮುಂಚೆ ಸೊಪ್ಪನ್ನು ಕೆಸರಿನಲ್ಲಿ ತುಳಿಯಬೇಕು. ಕತ್ತರಿಸಿದ ಸೊಪ್ಪನ್ನು ಬಿಸಿಲಿನಲ್ಲಿ ದಿನಗಟ್ಟಲೆ ಬಿಡದೆ ಅಂದೇ ಮಣ್ಣಿಗೆ ಸೇರಿಸುವುದು ಲೇಸು.

ಕಾಂಪೋಸ್ಟ್ ಗುಂಡಿಗೂ ಈ ಸೊಪ್ಪು ಒಳ್ಳೆಯದು. ಒಣ ಹುಲ್ಲು, ಕಳೆ, ಅಡಿಕೆ ಸಿಪ್ಪೆಯಂತಹ ನಿಧಾನವಾಗಿ ಕೊಳೆಯುವ ವಸ್ತುಗಳನ್ನು ಅರ್ಧ ಅಡಿ ಹಾಕಿ, ಮೇಲೆ ನಾಲ್ಕು ಅಂಗುಲ ಹಸಿ ಸೊಪ್ಪು, ಅದರ ಮೇಲೆ ಸಗಣಿ ರಾಡಿ, ಹೀಗೆ ಪದರ ಪದರವಾಗಿ ತುಂಬಿದರೆ ಬೇಗ ಕಳಿಯುತ್ತದೆ.

ಮೇವಾಗಿ: ಎಚ್ಚರಿಕೆ ಅಗತ್ಯ

ಈ ಗಿಡದಲ್ಲಿ ಕೌಮರಿನ್ ಎಂಬ ವಸ್ತುವಿದೆ. ಸೊಪ್ಪಿಗೆ ಬೂಷ್ಟು ಹಿಡಿದಾಗ ಇದು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವಾಗಿ ಮಾರ್ಪಡುತ್ತದೆ. ಮಧ್ಯ ಅಮೆರಿಕದ ರೈತರು ಎಲೆ ಮತ್ತು ತೊಗಟೆಯನ್ನು ಬೇಯಿಸಿದ ಮೆಕ್ಕೆಜೋಳದೊಂದಿಗೆ ಕಲಸಿ ಇಲಿಗಳಿಗೆ ಇಡುತ್ತಿದ್ದುದು ಈ ಗುಣದಿಂದಲೇ. ಹೆಸರಿಗೆ ಕಾರಣವೂ ಇದೇ.

ಆದರೂ ಮೆಲುಕು ಹಾಕುವ ಹಸು, ಎಮ್ಮೆ, ಕುರಿ, ಮೇಕೆಗಳಿಗೆ ಬರಗಾಲದಲ್ಲಿ ಇದನ್ನು ಮಿತವಾಗಿ ಕೊಡಬಹುದು. ಕತ್ತರಿಸಿದ ಸೊಪ್ಪನ್ನು ತೆಳುವಾಗಿ ಹರಡಿ ಬಾಡಿಸಿದರೆ ವಾಸನೆ ತಗ್ಗಿ ದನಗಳು ತಿನ್ನುತ್ತವೆ. ಮೊದಲು ಒಂದು ಹಿಡಿಯಿಂದ ಆರಂಭಿಸಿ, ಬೇರೆ ಹುಲ್ಲಿನೊಂದಿಗೆ ಬೆರೆಸಿ, ಒಟ್ಟು ಮೇವಿನ ಕಾಲು ಭಾಗ ಮೀರದಂತೆ ನೋಡಿಕೊಳ್ಳಬೇಕು. ರಾಶಿ ಹಾಕಿ ಬಿಸಿಯೇರಿದ ಅಥವಾ ಬೂಷ್ಟು ಹಿಡಿದ ಸೊಪ್ಪನ್ನು ಯಾವ ಕಾರಣಕ್ಕೂ ಕೊಡಬಾರದು. ಕುದುರೆ, ಕತ್ತೆ, ಹಂದಿ, ಮೊಲ ಮತ್ತು ಕೋಳಿಗಳಿಗೆ ಈ ಸೊಪ್ಪು ಬೇಡವೇ ಬೇಡ.

ಹತೋಟಿ ಮತ್ತು ರಕ್ಷಣೆ

1. ಬೀಜ ಹರಡದಂತೆ ತಡೆ: ಒಣಗಿದ ಕಾಯಿ ಸಿಡಿದಾಗ ಬೀಜ ಹಲವು ಮೀಟರ್ ದೂರ ಹಾರುತ್ತದೆ. ಡಿಸೆಂಬರ್‌ನಲ್ಲಿ ಸವರುವುದೇ ಇದಕ್ಕೆ ಮೊದಲ ಉಪಾಯ. ಹೊಲದಲ್ಲಿ ಹುಟ್ಟಿದ ಸಸಿಗಳನ್ನು ಮೊಣಕಾಲೆತ್ತರಕ್ಕೆ ಬರುವ ಮೊದಲು, ನೆಲ ಹಸಿಯಿರುವಾಗ, ಬೇರುಸಹಿತ ಕೀಳಬೇಕು.

2. ಬೇರಿನ ಪೈಪೋಟಿ: ಗಿಡದ ಸಾಲಿಗೂ ಬೆಳೆಗೂ ನಡುವೆ ವರ್ಷಕ್ಕೊಮ್ಮೆ, ಬಿತ್ತನೆಗೆ ಮುಂಚೆ, ಒಂದು ಅಡಿ ಆಳದ ಕಿರುಗಾಲುವೆ ತೆಗೆದರೆ ಮೇಲ್ಮಣ್ಣಿನ ಬೇರುಗಳು ತುಂಡಾಗುತ್ತವೆ. ಮಳೆ ನೀರು ಇಂಗಲೂ ಇದರಿಂದ ಅನುಕೂಲ.

3. ಬಿದ್ದ ರೆಂಬೆಗಳು: ಬಲಿತ ರೆಂಬೆ ಹಸಿ ನೆಲದಲ್ಲಿ ಬಿದ್ದರೆ ಅಲ್ಲಿಯೇ ಬೇರು ಬಿಡಬಲ್ಲದು. ಸವರಿದ ಮೇಲೆ ರೆಂಬೆಗಳನ್ನು ಹೊಲದಲ್ಲಿ ಉಳಿಸಬಾರದು.

4. ಸಸ್ಯಹೇನು: ಚಿಗುರುಗಳ ಮೇಲೆ ಕಪ್ಪು ಹೇನು ಕಾಣಿಸಿಕೊಳ್ಳುವುದುಂಟು. ಇದೇ ಹೇನು ಅವರೆ, ಅಲಸಂದೆ, ನೆಲಗಡಲೆಗಳಿಗೂ ತಗಲುತ್ತದೆ. ಈ ಬೆಳೆಗಳ ಪಕ್ಕದ ಬದುವನ್ನು ವಾರಕ್ಕೊಮ್ಮೆ ನೋಡಿ, ಹೇನು ತುಂಬಿದ ಚಿಗುರನ್ನು ಕತ್ತರಿಸಿ ಮಣ್ಣಿನಲ್ಲಿ ಹೂಳಬೇಕು. ಗುಲಗಂಜಿ ಹುಳುಗಳು ಹೇನನ್ನು ತಿನ್ನುವುದರಿಂದ ಅವಸರದಿಂದ ಕೀಟನಾಶಕ ಸಿಂಪಡಿಸುವುದು ಬೇಡ.

5. ಗಿಡ ತೆಗೆಯಬೇಕಾದಾಗ: ಬರಿದೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಮಳೆಗಾಲದಲ್ಲಿ ಬುಡ ಬಿಡಿಸಿ ಬೇರುಸಹಿತ ತೆಗೆಯಬೇಕು. ಈಗಾಗಲೇ ಮರವಾಗಿರುವ ಗಿಡಗಳನ್ನು ತೆಗೆದುಹಾಕುವ ಬದಲು, ಮುಂಗಾರಿನ ಆರಂಭದಲ್ಲಿ ಸೊಂಟದ ಮಟ್ಟಕ್ಕೆ ಕಡಿದು ಹೊಸ ಚಿಗುರು ಬರಿಸಿಕೊಳ್ಳಬಹುದು. ಎಲ್ಲವನ್ನೂ ಒಂದೇ ವರ್ಷ ಕಡಿಯದೆ ಒಂದು ಬಿಟ್ಟು ಒಂದರಂತೆ ಕಡಿದರೆ ಸೊಪ್ಪಿಗೆ ಕೊರತೆಯಾಗದು.

ವಿಸ್ತರಣಾ ಕಾರ್ಯಕರ್ತರಿಗೆ

ಸಸಿ ಹಂಚಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಗಿಡಕ್ಕೆ ವರ್ಷ ತುಂಬಿದಾಗ ಊರಿಗೆ ಹೋಗಿ, ಒಬ್ಬ ರೈತರ ಬದುವಿನ ಮೇಲೆಯೇ ಮೊದಲ ಸವರುವಿಕೆಯನ್ನು ಮಾಡಿ ತೋರಿಸಬೇಕು. ಸವರಿದ ಸೊಪ್ಪನ್ನು ರೈತರ ಎದುರಿನಲ್ಲಿಯೇ ತೂಗಿ, ಅದರಲ್ಲಿರುವ ಸಾರಜನಕವನ್ನು ಲೆಕ್ಕ ಮಾಡಿ ತಿಳಿಸಬೇಕು. ಇಷ್ಟೇ ಸಿಗುತ್ತದೆ ಎಂದು ಇದ್ದುದನ್ನು ಇದ್ದಂತೆ ತಿಳಿದ ರೈತ ಗಿಡವನ್ನು ಉಳಿಸಿಕೊಳ್ಳುತ್ತಾನೆ. ಹೆಚ್ಚು ಆಸೆ ತೋರಿಸಿದರೆ ಎರಡನೆಯ ವರ್ಷವೇ ಕೈಬಿಡುತ್ತಾನೆ.

ಈಗ ಬದು ಖಾಲಿಯಿರುವ ರೈತ ಬಾಂಧವರು ಮೊದಲು ಒಂದು ಬದಿಗೆ ಮಾತ್ರ 50 ಅಥವಾ 60 ಗಿಡ ನೆಟ್ಟು ನೋಡುವುದು ಸೂಕ್ತ. ಅಷ್ಟನ್ನು ವರ್ಷಕ್ಕೆ ಮೂರು ಸಲ ತಪ್ಪದೆ ಸವರಲು ಮನೆಯಲ್ಲಿ ಆಳು ಮತ್ತು ಬಿಡುವು ಇದೆಯೆಂದು ಖಚಿತವಾದ ಮೇಲೆ ಉಳಿದ ಬದುಗಳಿಗೆ ವಿಸ್ತರಿಸಬಹುದು.